ಹೊಟ್ಟೆಹುಣ್ಣಿನ ಚರಿತ್ರೆ: ವೈದ್ಯರೂ ಮತ್ತೆ ಕಲಿಯಬೇಕಾಯಿತು



ಹೊಸ ಜ್ಞಾನವೊಂದು ಪ್ರಯೋಗಾಲಯದಲ್ಲಿ ಹುಟ್ಟಿದ ದಿನವೇ ಲೋಕಕ್ಕೆ ಉಪಕಾರವಾಗಿಬಿಡುವುದಿಲ್ಲ. ಅದು ನಮ್ಮ ಬೀದಿಯ ಕುಟುಂಬ ವೈದ್ಯರ ಔಷಧಚೀಟಿಯವರೆಗೆ ಬಂದು ಮುಟ್ಟಬೇಕು. ಆ ದಾರಿ ಎಷ್ಟು ದೀರ್ಘವೆಂಬುದಕ್ಕೆ ಹೊಟ್ಟೆಹುಣ್ಣಿನ, ಅಂದರೆ ಅಲ್ಸರಿನ ಚರಿತ್ರೆಯೇ ಸಾಕ್ಷಿ.

ಆಮ್ಲವಿಲ್ಲದೆ ಹುಣ್ಣಿಲ್ಲ ಎಂಬ ಸೂತ್ರವನ್ನು 1910ರಲ್ಲಿ ಕಾರ್ಲ್ ಶ್ವಾರ್ಜ್ ಎಂಬ ವೈದ್ಯ ಮುಂದಿಟ್ಟ. 1915ರಲ್ಲಿ ಷಿಕಾಗೋದ ಬರ್ಟ್ರಮ್ ಸಿಪ್ಪಿ ಗಂಟೆಗೊಮ್ಮೆ ಹಾಲು ಮತ್ತು ಕೆನೆ, ಜೊತೆಗೆ ಕ್ಷಾರ ಕೊಡುವ ಪಥ್ಯವನ್ನು ಬಳಕೆಗೆ ತಂದ. ಖಾರ ಬಿಡಿ, ಚಿಂತೆ ಬಿಡಿ ಎಂಬುದು ಎಲ್ಲ ದೇಶಗಳ ವೈದ್ಯರ ಉಪದೇಶವಾಯಿತು. ಅದಕ್ಕೂ ಬಗ್ಗದಿದ್ದರೆ ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು. ನಮ್ಮ ದೊಡ್ಡಪ್ಪನವರು ಅಂತಹ ಶಸ್ತ್ರಚಿಕಿತ್ಸೆಯಾದ ಮೇಲೆ ಹಿಡಿ ಅನ್ನವನ್ನೂ ನೆಮ್ಮದಿಯಾಗಿ ಉಣ್ಣಲಾಗದೆ ಬದುಕಿದ್ದನ್ನು ಮನೆಯ ಹಿರಿಯರು ಬಲ್ಲರು. 1976ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದ ಸಿಮೆಟಿಡಿನ್ ಗುಳಿಗೆ ನೋವನ್ನು ಶಮನಗೊಳಿಸಿತು. ಆದರೆ ಗುಳಿಗೆ ನಿಲ್ಲಿಸಿದೊಡನೆ ಬಹುಮಂದಿಯಲ್ಲಿ ಹುಣ್ಣು ಮರಳುತ್ತಿತ್ತು.

ವಿಚಿತ್ರವೆಂದರೆ, ಇದಕ್ಕಿಂತ ಬಹಳ ಮೊದಲೇ ಒಬ್ಬ ಸಾಮಾನ್ಯ ವೈದ್ಯ ಸರಿಯಾದ ದಾರಿ ಹಿಡಿದಿದ್ದ. ಕವಿ ಬೈರನ್ 1824ರಲ್ಲಿ ಕೊನೆಯುಸಿರೆಳೆದ ಗ್ರೀಸಿನ ಮಿಸೊಲೋಂಗಿ ಎಂಬ ಊರಿನ ಜಾನ್ ಲಿಕೂಡಿಸ್, 1958ರಿಂದ ಹೊಟ್ಟೆಹುಣ್ಣಿಗೆ ಆ್ಯಂಟಿಬಯಾಟಿಕ್ ಕೊಟ್ಟು ಗುಣ ಕಾಣತೊಡಗಿದ. ಆತನ ಲೇಖನವನ್ನು ವೈದ್ಯಪತ್ರಿಕೆ ಹಿಂತಿರುಗಿಸಿತು. 1968ರಲ್ಲಿ ಶಿಸ್ತುಸಮಿತಿ 4,000 ಡ್ರಾಕ್ಮಾ ದಂಡ ಹಾಕಿತು. 1980ರಲ್ಲಿ ಆತ ತೀರಿಕೊಂಡ.

ಅದರ ಹಿಂದಿನ ವರ್ಷವೇ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಜಠರದ ಒಳಪದರದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾಗಳನ್ನು ಕಂಡಿದ್ದರು. ಬ್ಯಾರಿ ಮಾರ್ಷಲ್ ಅವರ ಜೊತೆಗೂಡಿದರು. 1982ರ ಈಸ್ಟರ್ ರಜೆಯಲ್ಲಿ ಎಂದಿಗಿಂತ ಹೆಚ್ಚು ದಿನ ಹಾಗೆಯೇ ಉಳಿದ ತಟ್ಟೆಯಲ್ಲಿ ಆ ಜೀವಿ ಬೆಳೆದಿತ್ತು. ಇಂದು ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ನಂಬದವರ ನಡುವೆ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ತುತ್ತಾದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಕಥೆ ಇಲ್ಲಿಗೆ ಮುಗಿಯಿತೆಂದು ಭಾವಿಸಬೇಡಿ. ಈ ಸೋಂಕಿರುವ ಅಲ್ಸರ್ ರೋಗಿಗಳಿಗೆ ಆ್ಯಂಟಿಬಯಾಟಿಕ್ ಕೊಡಬೇಕೆಂದು ಅಮೆರಿಕದ ತಜ್ಞರ ಸಭೆ 1994ರಲ್ಲಿ ಹೇಳಿತು. ಆದರೂ 1995ರಲ್ಲಿ ಅಲ್ಲಿನ ಸುಮಾರು ಶೇ. 75ರಷ್ಟು ರೋಗಿಗಳಿಗೆ ಮುಖ್ಯವಾಗಿ ಆಮ್ಲ ತಗ್ಗಿಸುವ ಔಷಧವೇ ಸಿಗುತ್ತಿತ್ತು. ಆ್ಯಂಟಿಬಯಾಟಿಕ್ ಸಿಕ್ಕಿದ್ದು ಶೇ. 5ರಷ್ಟು ಮಂದಿಗೆ ಮಾತ್ರ! ಕಡೆಗೆ 1997ರಲ್ಲಿ ವೈದ್ಯರಿಗೂ ಜನರಿಗೂ ತಿಳಿವಳಿಕೆ ನೀಡುವ ರಾಷ್ಟ್ರೀಯ ಆಂದೋಲನವನ್ನೇ ನಡೆಸಬೇಕಾಯಿತು.

ಕುಟುಂಬ ವೈದ್ಯರು ಕಲಿಯಬೇಕಾದದ್ದು ಬರಿಯ ಹೊಸ ಗುಳಿಗೆಯ ಹೆಸರನ್ನಲ್ಲ, ಕೇಳಬೇಕಾದ ಪ್ರಶ್ನೆಗಳನ್ನು. ರೋಗಿಯ ತೂಕ ಕಾರಣವಿಲ್ಲದೆ ಇಳಿದಿದೆಯೇ? ನುಂಗಲು ಕಷ್ಟವೇ? ಮಲ ಡಾಂಬರಿನಂತೆ ಕಪ್ಪಾಗಿದೆಯೇ? ರಕ್ತಹೀನತೆಯಿದೆಯೇ? ಇದ್ದರೆ ತಡಮಾಡದೆ ಎಂಡೋಸ್ಕೋಪಿಗೆ ಕಳುಹಿಸಬೇಕು. ಕೀಲುನೋವಿಗೆಂದು ನುಂಗುವ ಮಾತ್ರೆಗಳಿಂದಲೂ ಹುಣ್ಣಾಗುವುದರಿಂದ ಅದನ್ನೂ ವಿಚಾರಿಸಬೇಕು. ಉಳಿದವರಲ್ಲಿ ಸೋಂಕನ್ನು ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಪತ್ತೆಹಚ್ಚಬಹುದು. ಚಿಕಿತ್ಸೆ ಸಾಮಾನ್ಯವಾಗಿ ಎರಡು ವಾರ. ಮುಗಿದು ನಾಲ್ಕು ವಾರಗಳಾದರೂ ಕಳೆದ ಮೇಲೆ ಸೋಂಕು ಹೋಗಿದೆಯೇ ಎಂದು ಮತ್ತೆ ಪರೀಕ್ಷಿಸಬೇಕು. ಕೆಲವು ಆ್ಯಂಟಿಬಯಾಟಿಕ್‌ಗಳಿಗೆ ಈ ಬ್ಯಾಕ್ಟೀರಿಯಾ ಈಗ ಜಗ್ಗದಿರುವುದರಿಂದ ಚಿಕಿತ್ಸಾಕ್ರಮವೂ ಬದಲಾಗುತ್ತಿದೆ. ಅಂದರೆ ಪಾಠ ಇನ್ನೂ ಮುಗಿದಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ವೈದ್ಯರು. ಅವರಿಗೆ ನನ್ನದೊಂದು ಕೋರಿಕೆ: ‘ಗ್ಯಾಸ್ಟ್ರಿಕ್’ ಎಂದು ವರ್ಷಗಟ್ಟಲೆ ಮಾತ್ರೆ ನುಂಗುತ್ತ ಬಂದವರನ್ನು ಒಮ್ಮೆ ಕೂರಿಸಿಕೊಂಡು ಈ ಪ್ರಶ್ನೆಗಳನ್ನು ಕೇಳಿರಿ. ಬಂಧುಗಳೇ, ನೀವೂ ಸಂಕೋಚಪಡದೆ ಉತ್ತರ ಹೇಳಿರಿ. ದೊಡ್ಡಪ್ಪನವರ ಕಾಲಕ್ಕೆ ಇಲ್ಲದಿದ್ದ ಅನುಕೂಲ ನಮಗಿದೆ.