ಒದ್ದೆ ಹಾಸಿಗೆಗೂ ಒಂದು ಇತಿಹಾಸ

ಡೊಂಬಿವಲಿ, ಕಲ್ಯಾಣದ ಒಂದೇ ಕೋಣೆಯ ಚಾಳುಗಳಲ್ಲಿ ಒದ್ದೆ ಕೌದಿಯನ್ನು ಬಚ್ಚಿಡಲು ಜಾಗವಿರಲಿಲ್ಲ. ಹೊರಗೆ ಒಣಹಾಕಿದರೆ ಇಡೀ ಚಾಳಿಗೆ ಸುದ್ದಿ; ಮಗುವಿಗೆ ಬೈಗುಳ, ತಾಯಿಗೆ ಚುಚ್ಚುಮಾತು. ಇದನ್ನು ನಾನೂ ಕಂಡಿದ್ದೇನೆ, ಸೋದರಿಯರೇ.

ಆದರೆ ಇದು ಸೋಮಾರಿತನವಲ್ಲ ಎಂಬ ತಿಳಿವಳಿಕೆ ಹಳೆಯದು. ನಮ್ಮ ಶಾರ್ಙ್ಗಧರ ಸಂಹಿತೆ ‘ಶಯ್ಯಾಮೂತ್ರ’ವನ್ನು ಮಕ್ಕಳ ಕಾಯಿಲೆಗಳಲ್ಲಿ ಎಣಿಸಿದೆ. ಇಂಗ್ಲೆಂಡಿನ ಥಾಮಸ್ ಫೇರ್ 1540ರ ದಶಕದ ತನ್ನ ಮಕ್ಕಳ ವೈದ್ಯಗ್ರಂಥದಲ್ಲಿ ಇದಕ್ಕೆ ಮದ್ದು ಹೇಳಿದ್ದಾನೆ. 1904ರಲ್ಲಿ ವೈದ್ಯ ಫೌಂಡ್ಲರ್ ಮಕ್ಕಳ ಹಾಸಿಗೆಗೆ ಗಂಟೆ ಜೋಡಿಸಿದ್ದು, ಬಟ್ಟೆ ಬದಲಿಸಲು ದಾದಿಯರಿಗೆ ತಿಳಿಯಲೆಂದು. ಗಂಟೆ ಕೇಳುತ್ತಾ ಮಕ್ಕಳೇ ಹಾಸಿಗೆ ಒದ್ದೆ ಮಾಡುವುದನ್ನು ಕಡಿಮೆ ಮಾಡಿದರು! 1938ರಲ್ಲಿ ಅಮೆರಿಕದ ಮೌರರ್ ದಂಪತಿ 30 ಮಕ್ಕಳಲ್ಲಿ ಇದನ್ನು ಪ್ರಯೋಗಿಸಿ ಪ್ರಕಟಿಸಿದರು. ಇಂದಿನ ಅಲಾರಂಗಳ ಮೂಲ ಇದೇ.

5 ವರ್ಷದವರೆಗೆ ಇದು ಸಹಜ. ತಂದೆ-ತಾಯಿಗೆ ಇದ್ದಿದ್ದರೆ ಮಕ್ಕಳಿಗೂ ಬರಬಹುದು. ಹಗಲು ಚೆನ್ನಾಗಿ ನೀರು ಕೊಡಿ, ರಾತ್ರಿ ಕಡಿಮೆ ಮಾಡಿ. ಮಲಗುವ ಮುನ್ನ ಮೂತ್ರಕ್ಕೆ ಕಳಿಸಿ. ಮಲಬದ್ಧತೆ ಇದ್ದರೆ ಸರಿಪಡಿಸಿ. ನಿಂತದ್ದು ಮತ್ತೆ ಶುರುವಾದರೆ, ಉರಿ ಅಥವಾ ಅತಿ ಬಾಯಾರಿಕೆ ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಬೈದು, ಹೊಡೆದು, ನಾಲ್ಕು ಜನರೆದುರು ನಾಚಿಸುವುದರಿಂದ ಹಾಸಿಗೆ ಒಣಗದು, ಮಗುವಿನ ಮನಸ್ಸು ಮಾತ್ರ ಮುದುಡುತ್ತದೆ.