ಅಗ್ಗದ ತೇಗದ ಲೆಕ್ಕ

ಮುಂಬೈಯ ಫೋರ್ಟ್ ಪ್ರದೇಶದಲ್ಲಿ, ಲಯನ್ ಗೇಟಿನ ಒಳಗೆ, ಇಂದು ನೌಕಾಪಡೆಯ ಡಾಕ್‌ಯಾರ್ಡ್ ಇದೆ. 1736ರಲ್ಲಿ ಸೂರತ್‌ನಿಂದ ಬಂದ ಬಡಗಿ ಲವ್ಜಿ ನುಸ್ಸರ್‌ವಾನ್‌ಜಿ ವಾಡಿಯಾ ಮತ್ತು ಅವರ ವಂಶದವರು ತಲೆಮಾರುಗಟ್ಟಲೆ ಇಲ್ಲಿ ಹಡಗು ಕಟ್ಟಿದರು. ಬ್ರಿಟಿಷ್ ನೌಕಾಪಡೆಗಾಗಿ ಕಟ್ಟಿದ 74 ತೋಪುಗಳ ‘ಮಿಂಡನ್’ 1810ರಲ್ಲಿ ನೀರಿಗಿಳಿಯಿತು. 1817ರ ‘ಟ್ರಿಂಕೋಮಲಿ’ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಈಗಲೂ ತೇಲುತ್ತಿದೆ. ಅಂಥ ಬಾಳಿಕೆಗೆ ಕಾರಣ ಪಶ್ಚಿಮ ಘಟ್ಟದ ತೇಗ. ಆ ತೇಗವನ್ನು ಸರ್ಕಾರ ಕೊಂಡ ಬಗೆಯಲ್ಲಿ ಇವತ್ತಿನ ಟೆಂಡರುಗಳಿಗೂ ಒಂದು ಪಾಠವಿದೆ.

ನೆಪೋಲಿಯನ್ ಜೊತೆಗಿನ ಯುದ್ಧಗಳ ಕಾಲಕ್ಕೆ ಇಂಗ್ಲೆಂಡಿನಲ್ಲಿ ಹಡಗಿಗೆ ಬೇಕಾದ ಓಕ್ ಮರದ ಅಭಾವ ತಲೆದೋರಿತ್ತು. ಕಂಪನಿಯ ಕಣ್ಣು ಮಲಬಾರ್ ಮತ್ತು ಕೆನರಾದ ಕಾಡುಗಳ ಮೇಲೆ ಬಿತ್ತು. 1806ರ ನವೆಂಬರಿನಲ್ಲಿ ಪೊಲೀಸ್ ಅಧಿಕಾರಿ ಕ್ಯಾಪ್ಟನ್ ವಾಟ್ಸನ್ ಅರಣ್ಯ ಸಂರಕ್ಷಕನಾಗಿ ನೇಮಕಗೊಂಡ. ಭಾರತದಲ್ಲಿ ಆ ಹುದ್ದೆ ಅದೇ ಮೊದಲು. ಮರುವರ್ಷ ತೇಗದ ಮೇಲೆ ಕಂಪನಿ ತನ್ನ ಹಕ್ಕು ಸಾರಿತು. ಅನುಮತಿಯಿಲ್ಲದೆ ಕಡಿಯುವುದು ನಿಷಿದ್ಧವಾಯಿತು. ಹೆಸರು ಸಂರಕ್ಷಣೆಯದು, ಕೆಲಸ ಖರೀದಿಯದು. ಮಲಬಾರಿನ ಕಾಡುಗಳಲ್ಲಿ ಬಹುಪಾಲು ಖಾಸಗಿ ಒಡೆತನದ್ದಾಗಿದ್ದರೂ ಕೆಲವೇ ವರ್ಷಗಳಲ್ಲಿ ಮರದ ವ್ಯಾಪಾರ ಒಬ್ಬನೇ ಕೊಳ್ಳುಗನ ಕೈಸೇರಿತು. ಬೇರೆ ಗಿರಾಕಿ ಇಲ್ಲದಿದ್ದಾಗ ಚೌಕಾಶಿಗೆ ಎಡೆಯೆಲ್ಲಿ?

ಡಾಕ್‌ಯಾರ್ಡಿನ ಪುಸ್ತಕದಲ್ಲಿ ಈ ವ್ಯವಸ್ಥೆ ದೊಡ್ಡ ಗೆಲುವು: ಮರ ಧಾರಾಳವಾಗಿ, ಅಗ್ಗವಾಗಿ ಬರುತ್ತಿತ್ತು. ಆದರೆ ಉಳಿತಾಯವೆಂದು ಬರೆದದ್ದು ಬೇರೆಯವರ ನಷ್ಟವಾಗಿತ್ತು. ಕಾಡಿನ ಒಡೆಯರಿಗೆ ನ್ಯಾಯವಾದ ಬೆಲೆ ಇಲ್ಲ, ವರ್ತಕರಿಗೆ ವ್ಯಾಪಾರವಿಲ್ಲ, ಸೌದೆ ಕಡಿಯಲೂ ನಿರ್ಬಂಧವೆಂದು ರೈತರಿಗೆ ಸಿಟ್ಟು. ಈ ದೂರುಗಳಿಗೆ ಕಿವಿಗೊಟ್ಟವನು ಥಾಮಸ್ ಮನ್ರೋ. ಅವನು ಸ್ವತಃ 1799–1800ರಲ್ಲಿ ಕೆನರಾದ ಕಲೆಕ್ಟರನಾಗಿದ್ದವನು. ಮದ್ರಾಸಿನ ಗವರ್ನರನಾದ ಮೇಲೆ 1822ರಲ್ಲಿ ಏಕಸ್ವಾಮ್ಯದ ವಿರುದ್ಧ ಟಿಪ್ಪಣಿ ಬರೆದ. ಮರದ ವ್ಯಾಪಾರವನ್ನು ಜನರಿಗೆ ಬಿಟ್ಟು ಸರ್ಕಾರವೂ ಎಲ್ಲರಂತೆ ಕೊಳ್ಳಲಿ ಎಂಬುದು ಅವನ ನಿಲುವು. 1823ರಲ್ಲಿ ಸಂರಕ್ಷಕ ಹುದ್ದೆಯೇ ರದ್ದಾಯಿತು.

ಕಥೆ ಅಲ್ಲಿಗೆ ಸುಖಾಂತ್ಯವಾಗಲಿಲ್ಲ. ಕಡಿಯಲು ಎಲ್ಲರೂ ಮುಂದೆ ಬಂದರು, ನೆಡಲು ಯಾರೂ ಬರಲಿಲ್ಲ. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕನಾಲಿ ನಿಲಂಬೂರಿನಲ್ಲಿ ತೇಗದ ತೋಪು ಬೆಳೆಸಬೇಕಾಯಿತು. 1847ರಲ್ಲಿ ಮುಂಬೈ ಸರ್ಕಾರ ಡಾ. ಗಿಬ್ಸನ್‌ರನ್ನು ಸಂರಕ್ಷಕರನ್ನಾಗಿ ನೇಮಿಸಿತು. ಕೆಟ್ಟ ಖರೀದಿ ಪದ್ಧತಿಯನ್ನು ತೆಗೆದುಹಾಕಿದ ಸರ್ಕಾರ, ಸರಕಿನ ಮೂಲವನ್ನು ಕಾಯುವ ಹೊಣೆಯನ್ನೂ ಅದರ ಜೊತೆಗೇ ಕೈಬಿಟ್ಟಿತ್ತು.

ಇಂದು ಒಬ್ಬನೇ ಕೊಳ್ಳುಗ ಬೆಲೆ ಹೇರುವುದನ್ನು ತಡೆಯಲು ಕಾನೂನುಗಳಿವೆ. ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಬಹಿರಂಗ ಟೆಂಡರನ್ನು ನಿಯಮವಾಗಿಸಿದೆ. ಆದರೂ ‘ಎಲ್1’ ಎಂಬ ಕನಿಷ್ಠ ದರದ ಮೋಹ ಹೋಗಿಲ್ಲ. ತೀರಾ ಕಡಿಮೆ ದರಕ್ಕೆ ಗುತ್ತಿಗೆ ಹಿಡಿದವನು ಆ ಕೊರತೆಯನ್ನು ಕೂಲಿಯಲ್ಲೋ ಸಿಮೆಂಟಿನಲ್ಲೋ ತುಂಬಿಕೊಳ್ಳುತ್ತಾನೆ. 2021ರ ಅಕ್ಟೋಬರಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಕಾಮಗಾರಿಗಳಲ್ಲಿಯೂ ಗುಣಮಟ್ಟ ಮತ್ತು ದರ ಎರಡನ್ನೂ ತೂಗಿ ಆಯ್ಕೆ ಮಾಡಲು, ಕೆಲವು ಷರತ್ತುಗಳೊಂದಿಗೆ, ಅವಕಾಶ ಕೊಟ್ಟಿತು. ಅದು ಸರಿಯಾದ ಹೆಜ್ಜೆ. ಆದರೆ ಗುಣಮಟ್ಟಕ್ಕೆ ಅಂಕ ಕೊಡುವವರು ಆ ಅಂಕದ ಕಾರಣವನ್ನೂ ಬಹಿರಂಗವಾಗಿ ಬರೆದಿಡಬೇಕು. ವಾಟ್ಸನ್ನನ ಕಾಲದಲ್ಲಿ ಅಗ್ಗದ ಬೆಲೆಯನ್ನು ಯಾರು ತೆರುತ್ತಿದ್ದಾರೆಂದು ಕೇಳಲು ಹದಿನಾರು ವರ್ಷ ಹಿಡಿಯಿತು. ಆ ಪ್ರಶ್ನೆಯನ್ನು ಟೆಂಡರ್ ತೆರೆಯುವ ದಿನವೇ ಕೇಳಬಹುದು.