ಟಾರ್ಪೆಡೋ ಗುರಿಯ ಗಣಿತ: ಗಣಕಕ್ರೀಡೆಯೂ ಇತಿಹಾಸವೂ

ಎರಡನೆಯ ಮಹಾಯುದ್ಧದ ಜಲಾಂತರ್ಗಾಮಿಗಳನ್ನು ಅನುಕರಿಸುವ ಗಣಕಕ್ರೀಡೆಗಳು ವಿನೋದಕ್ಕಾಗಿ ಹುಟ್ಟಿದವು. ಅವುಗಳನ್ನು ಇತಿಹಾಸದ ಸಾಧನಗಳೆಂದು ಎಣಿಸುವ ವಾಡಿಕೆ ಇಲ್ಲ. ಆದರೂ ಜರ್ಮನರ ಅಟ್ಲಾಂಟಿಕ್ ಸಮರವನ್ನು ಕುರಿತ 'ಸೈಲೆಂಟ್ ಹಂಟರ್ 3' (2005), ಅಮೆರಿಕನರ ಪೆಸಿಫಿಕ್ ಸಮರವನ್ನು ಕುರಿತ ಅದರ ಮುಂದಿನ ಆವೃತ್ತಿ (2007) ಇವೆರಡರಲ್ಲಿಯೂ ಆಟಗಾರನು ಯಂತ್ರದ ನೆರವನ್ನು ನಿರಾಕರಿಸಿ ಗುರಿಯ ಲೆಕ್ಕವನ್ನು ತಾನೇ ಮಾಡುವ ಅವಕಾಶವುಂಟು. ಹೀಗೆ ಗುರಿಯಿಡುವವನಿಗೆ ಗತಕಾಲದ ಎಷ್ಟು ಭಾಗ ಗೋಚರವಾಗುತ್ತದೆ, ಎಷ್ಟು ಭಾಗ ಮರೆಯಲ್ಲಿಯೇ ಉಳಿಯುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ಸಮಸ್ಯೆಯ ಸ್ವರೂಪವನ್ನು ತಿಳಿಯೋಣ. ಟಾರ್ಪೆಡೋ ಬಂದೂಕಿನ ಗುಂಡಿನಂತೆ ಕ್ಷಣದಲ್ಲಿ ಗುರಿಮುಟ್ಟುವ ಆಯುಧವಲ್ಲ. ಜರ್ಮನರ ವಿದ್ಯುಚ್ಚಾಲಿತ ಜಿ7ಇ ಟಾರ್ಪೆಡೋವಿನ ವೇಗ ಸುಮಾರು 30 ನಾಟ್. 1000 ಮೀಟರು ಸಾಗಲು ಅದಕ್ಕೆ ಒಂದು ನಿಮಿಷಕ್ಕೂ ಮಿಕ್ಕ ಕಾಲ ಬೇಕು. ಅಷ್ಟರಲ್ಲಿ 10 ನಾಟ್ ವೇಗದ ಹಡಗು 330 ಮೀಟರಿಗೂ ಹೆಚ್ಚು ಮುಂದೆ ಸಾಗಿರುತ್ತದೆ. ಆದುದರಿಂದ ಹಡಗು ಇರುವೆಡೆಗಲ್ಲ, ಬರಲಿರುವೆಡೆಗೆ ಟಾರ್ಪೆಡೋವನ್ನು ಬಿಡಬೇಕು. ಹಡಗಿನ ಪಥಕ್ಕೆ ಲಂಬವಾಗಿ ಬಿಡುವುದಾದರೆ, ಹಡಗು ಆ ರೇಖೆಗೆ ಇನ್ನೂ ಸುಮಾರು 18 ಡಿಗ್ರಿ ಇತ್ತಲಿರುವಾಗಲೇ ಬಿಡುವುದು ಅವಶ್ಯ.

ಇಲ್ಲೊಂದು ಸ್ವಾರಸ್ಯವಿದೆ. ದೂರವು ಇಮ್ಮಡಿಯಾದರೆ ಟಾರ್ಪೆಡೋವಿನ ಪ್ರಯಾಣಕಾಲವೂ ಹಡಗಿನ ಮುನ್ನಡೆಯೂ ಇಮ್ಮಡಿಯಾಗುತ್ತವೆ, ಕೋನವು ಬದಲಾಗದು. ಟಾರ್ಪೆಡೋ ನೇರವಾಗಿ ಓಡುವವರೆಗೆ ಈ ಕೋನಕ್ಕೆ ದೂರದ ಅರಿವು ಬೇಕಿಲ್ಲ. ಹಡಗಿನ ವೇಗದ, ದಿಕ್ಕಿನ ಅರಿವು ಬೇಕು. ವೇಗವನ್ನು ಅಳೆಯುವ ಉಪಾಯವೂ ಸರಳವೇ. ಪೆರಿಸ್ಕೋಪಿನ ನಡುಗೆರೆಯನ್ನು ಹಡಗಿನ ಮೂತಿ ಮುಟ್ಟಿದಾಗಿನಿಂದ ಹಿಂಬದಿ ದಾಟುವವರೆಗೆ ಗಡಿಯಾರದಿಂದ ಕಾಲವನ್ನೆಣಿಸುವುದು. ನಿಂತಿರುವ ಜಲಾಂತರ್ಗಾಮಿಯ ಮುಂದೆ 130 ಮೀಟರು ಉದ್ದದ ಹಡಗು 25 ಸೆಕೆಂಡುಗಳಲ್ಲಿ ದಾಟಿದರೆ ಅದರ ವೇಗ 10 ನಾಟ್. ಆದರೆ ಉದ್ದವು ತಿಳಿಯುವುದು ಹಡಗಿನ ಜಾತಿಯನ್ನು ಸರಿಯಾಗಿ ಗುರುತಿಸಿದಾಗ ಮಾತ್ರ. ಎಲ್ಲ ಗಣಿತವೂ ಹೀಗೆ ಮಾನವನೇತ್ರದ ಊಹೆಯೊಂದರ ಮೇಲೆ ನಿಂತಿದೆ. ಅಮೆರಿಕನರ ಜಲಾಂತರ್ಗಾಮಿಗಳಲ್ಲಿದ್ದ ಗಣನಯಂತ್ರವು ಗುರಿಯ ಚಲನೆಯನ್ನು ಎಡೆಬಿಡದೆ ಲೆಕ್ಕಹಾಕುತ್ತಿದ್ದಿತಾದರೂ, ಅದಕ್ಕೆ ಉಣಿಸಿದ ಊಹೆ ತಪ್ಪಾದರೆ ಉತ್ತರವೂ ತಪ್ಪೇ. ಈ ಸತ್ಯವನ್ನು ಪುಸ್ತಕದ ಓದುಗನಿಗಿಂತ ಕೈಲೆಕ್ಕದ ಆಟಗಾರನು ಬೇಗ ಅರಿಯುತ್ತಾನೆ.

ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಫಲ ದೊರೆಯುತ್ತಿತ್ತೆ? 1943ರ ಜುಲೈ 24ರಂದು ಅಮೆರಿಕದ 'ಟಿನೋಸ' ಜಲಾಂತರ್ಗಾಮಿಯು ಜಪಾನಿನ 'ತೋನಾನ್ ಮಾರು 3' ಎಂಬ ಭಾರೀ ಹಡಗಿನ ಮೇಲೆ 15 ಟಾರ್ಪೆಡೋಗಳನ್ನು ಬಿಟ್ಟಿತು. ಮೊದಲಿನ ಓರೆ ಹೊಡೆತಗಳಿಂದ ಹಡಗು ನಿಂತಿತು. ಅನಂತರ ನಿಂತ ಹಡಗಿಗೆ ಲಂಬವಾಗಿ, ಗಣಿತದ ದೃಷ್ಟಿಯಿಂದ ನಿರ್ದುಷ್ಟವಾಗಿ ಬಿಟ್ಟವು ಬಡಿದರೂ ಸ್ಫೋಟಿಸಲಿಲ್ಲ. ಉಳಿದೊಂದನ್ನು ಪರೀಕ್ಷೆಗಾಗಿ ಪರ್ಲ್ ಹಾರ್ಬರಿಗೆ ತರಲಾಯಿತು. ನೇರ ಬಡಿತದ ರಭಸಕ್ಕೆ ಮಾರ್ಕ್ 14 ಟಾರ್ಪೆಡೋವಿನ ಸ್ಫೋಟಕ ಕೀಲು ಕೆಲಸಮಾಡದೆಂದು ಹವಾಯಿಯ ಪ್ರಯೋಗಗಳಿಂದ ತಿಳಿದುಬಂದಿತು. ಅತ್ಯುತ್ತಮ ಗುರಿಯೇ ಅತ್ಯಧಮ ಫಲವನ್ನು ಕೊಡುತ್ತಿದ್ದಿತು! ಅಂದಿನ ನಾಯಕನಿಗೆ ದೋಷವು ತನ್ನ ಲೆಕ್ಕದ್ದೋ ಆಯುಧದ್ದೋ ತಿಳಿಯುವಂತಿರಲಿಲ್ಲ. ಇಂದಿನ ಆಟಗಾರನಾದರೋ ಟಾರ್ಪೆಡೋ ದೋಷವೆಂಬುದನ್ನು ಇಚ್ಛಾನುಸಾರ ಇರಿಸಬಲ್ಲ, ತೆಗೆಯಬಲ್ಲ.

ಮರೆಯಾಗುವ ಇನ್ನೊಂದು ಭಾಗವು ಇದಕ್ಕಿಂತ ಗುರುತರವಾದುದು. ಮುಂಬಯಿಯಿಂದ ಆಫ್ರಿಕಕ್ಕೆ ಹೊರಟ 'ತಿಲಾವಾ' ಹಡಗನ್ನು 1942ರ ನವೆಂಬರ್ 23ರಂದು ಅರಬ್ಬೀ ಸಮುದ್ರದಲ್ಲಿ ಜಪಾನಿನ ಐ-29 ಜಲಾಂತರ್ಗಾಮಿಯು ಮುಳುಗಿಸಿತು. 280 ಜನರು ಮಡಿದರು. ಪೆರಿಸ್ಕೋಪಿನಲ್ಲಿ ಅಂತಹ ಹಡಗು ಒಂದು ಉದ್ದ, ಒಂದು ಕೂವೆಯ ಎತ್ತರ, ಒಂದು ಕೋನ ಮಾತ್ರ. ಅದರೊಳಗಿನವರು ಲೆಕ್ಕದ ಯಾವ ಪದದಲ್ಲಿಯೂ ಬರುವುದಿಲ್ಲ.

ಆದುದರಿಂದ ಇಂತಹ ಕ್ರೀಡೆಯನ್ನು ಇತಿಹಾಸಕಾರನು ತಳ್ಳಿಹಾಕಬೇಕಿಲ್ಲ. ಕ್ರಿಯೆಯ ಕ್ರಮಕ್ಕೆ ಅದೊಂದು ಉಪಯುಕ್ತ ವ್ಯಾಖ್ಯಾನ. ಆದರೆ ಅದು ಪೆರಿಸ್ಕೋಪಿನ ಒಂದು ಕಡೆಯಿಂದ ಮಾತ್ರ ಬರೆದ ವ್ಯಾಖ್ಯಾನ. ಮತ್ತೊಂದು ಕಡೆಯ ಸಾಕ್ಷ್ಯವನ್ನು ನೌಕಾದಾಖಲೆಗಳಲ್ಲಿ, ಪ್ರಯಾಣಿಕರ ಪಟ್ಟಿಗಳಲ್ಲಿ, ಬದುಕುಳಿದವರ ನೆನಪುಗಳಲ್ಲಿ ಅರಸಬೇಕಾಗುತ್ತದೆ. ಎರಡನ್ನೂ ಕೂಡಿಸಿ ಓದಿದಾಗಲೇ 18 ಡಿಗ್ರಿಗಳ ಆ ಕೋನದ ಪೂರ್ಣಾರ್ಥ ನಮಗೆ ತಿಳಿದೀತು.